ಚದುರಂಗದಲ್ಲಿ ಸರ್ವಶ್ರೇಷ್ಠರು ಯಾರು?

ಚದುರಂಗವನ್ನು ಬಲ್ಲ ನಾಲ್ಕು ಮಂದಿ ಒಂದೆಡೆ ಕಲೆತರೆ ಸ್ವಲ್ಪ ಹೊತ್ತಿನಲ್ಲಿಯೇ ಒಂದು ವಾದ ತಲೆಯೆತ್ತುವುದು ಸಹಜ. ಇದುವರೆಗಿನ ಆಟಗಾರರಲ್ಲೆಲ್ಲ ಸರ್ವಶ್ರೇಷ್ಠರು ಯಾರು? ಹಿರಿಯರೊಬ್ಬರು ಅಮೆರಿಕದ ಫಿಷರ್ ಎನ್ನುತ್ತಾರೆ. ಮತ್ತೊಬ್ಬರು ಕಾಸ್ಪರೋವ್ ಎನ್ನುತ್ತಾರೆ. ಕಾಲೇಜಿನ ತರುಣರು ನಾರ್ವೆಯ ಕಾರ್ಲ್‌ಸನ್ ಅವರನ್ನು ಬಿಟ್ಟುಕೊಡುವುದಿಲ್ಲ. ನಮ್ಮ ವಿಶ್ವನಾಥನ್ ಆನಂದ್‌ರನ್ನು ಮರೆಯಲು ಯಾರಿಗೂ ಮನಸ್ಸು ಬಾರದು. ಮೈಸೂರಿನಲ್ಲಾದರೆ ಈ ಪಟ್ಟಿಗೆ ಇನ್ನೊಂದು ಹೆಸರು ಸೇರುವುದುಂಟು. ಅದು ಮುಮ್ಮಡಿ ಕೃಷ್ಣರಾಜ ಒಡೆಯರದು.

ಇಂತಹ ವಾದಗಳು ಕಾಲಹರಣಕ್ಕೆ ಮಾತ್ರ ಯೋಗ್ಯವೆಂದು ತಳ್ಳಿಬಿಡುವವರಿದ್ದಾರೆ. ನನ್ನ ಅಭಿಪ್ರಾಯ ಹಾಗಿಲ್ಲ. ‘ಶ್ರೇಷ್ಠ’ ಎಂದೊಡನೆ ಅಳತೆಯ ಪ್ರಶ್ನೆ ಬರುತ್ತದೆ. ಅಳತೆಯ ಪ್ರಶ್ನೆ ಬಂದಲ್ಲಿ ವಿಜ್ಞಾನಕ್ಕೆ ಕೆಲಸವಿದ್ದೇ ಇದೆ. ಇಂದಿನ ವಿದ್ಯಾರ್ಥಿಗಳು ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವುದನ್ನು ಕೇಳಿದ್ದೇನೆ: “ಕಾರ್ಲ್‌ಸನ್ನರ ರೇಟಿಂಗ್ ೨೦೧೪ರ ಮೇ ತಿಂಗಳಲ್ಲಿ ೨೮೮೨ಕ್ಕೆ ಏರಿತು. ಕಾಸ್ಪರೋವರ ಅತ್ಯುಚ್ಚ ಸಂಖ್ಯೆ ೧೯೯೯ರ ಜುಲೈಯಲ್ಲಿ ೨೮೫೧. ಇನ್ನು ಚರ್ಚೆಯೇಕೆ?” ಚರ್ಚೆ ಅವಶ್ಯವಾಗಿ ಬೇಕು. ಸಂಖ್ಯೆ ಕಂಡೊಡನೆ ಕೈಮುಗಿಯುವುದಕ್ಕೆ ಮುಂಚೆ ಆ ಸಂಖ್ಯೆ ಏನನ್ನು ಅಳೆಯುತ್ತದೆಂದು ಕೇಳಬೇಕು.

ಈ ಅಂಕಪದ್ಧತಿಯನ್ನು ರೂಪಿಸಿದವರು ಹಂಗೆರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೊ. ಅಮೆರಿಕದ ಚದುರಂಗ ಸಂಸ್ಥೆ ಅದನ್ನು ೧೯೬೦ರಲ್ಲಿಯೂ, ಅಂತರರಾಷ್ಟ್ರೀಯ ಸಂಸ್ಥೆಯಾದ ಫಿಡೆ ೧೯೭೦ರಲ್ಲಿಯೂ ಅಂಗೀಕರಿಸಿದುವು. ಅದರ ತಿರುಳು ಬಹು ಸರಳ. ಇಬ್ಬರು ಆಟಗಾರರ ಸಂಖ್ಯೆಗಳ ವ್ಯತ್ಯಾಸದಿಂದ, ಅವರು ನೂರು ಆಟಗಳನ್ನಾಡಿದರೆ ಯಾರಿಗೆ ಎಷ್ಟು ಅಂಕ ಬರಬಹುದೆಂದು ಲೆಕ್ಕ ಹಾಕುತ್ತಾರೆ. ಗೆಲುವಿಗೆ ಒಂದು ಅಂಕ, ಸಮಕ್ಕೆ ಅರ್ಧ. ವ್ಯತ್ಯಾಸ ಸೊನ್ನೆಯಾದರೆ ಐವತ್ತು-ಐವತ್ತು; ೨೦೦ ಆದರೆ ಬಲಶಾಲಿಗೆ ಸುಮಾರು ೭೬; ೪೦೦ ಆದರೆ ಸುಮಾರು ೯೧. ನಿರೀಕ್ಷಿಸಿದುದಕ್ಕಿಂತ ಹೆಚ್ಚು ಗಳಿಸಿದವನ ಸಂಖ್ಯೆ ಏರುತ್ತದೆ, ಕಡಿಮೆ ಗಳಿಸಿದವನದು ಇಳಿಯುತ್ತದೆ.

ವಾಚಕರು ಇಲ್ಲಿ ಒಂದು ಅಂಶವನ್ನು ಲಕ್ಷ್ಯವಿಟ್ಟು ಗಮನಿಸಬೇಕು. ಈ ಲೆಕ್ಕದಲ್ಲಿ ಬರುವುದು ವ್ಯತ್ಯಾಸ ಮಾತ್ರ. ನಾಳೆ ಪ್ರಪಂಚದ ಎಲ್ಲ ಆಟಗಾರರ ಸಂಖ್ಯೆಗೂ ಐನೂರನ್ನು ಕೂಡಿಸಿಬಿಟ್ಟರೆ ಯಾವ ಫಲಿತಾಂಶವೂ ಕೂದಲೆಳೆಯಷ್ಟೂ ಬದಲಾಗದು. ನಮ್ಮ ಚಾಮುಂಡಿಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಊರಿನ ನೆಲದಿಂದ ಅಳೆದರೆ ಸುಮಾರು ಮುನ್ನೂರು ಮೀಟರ್. ಬೆಟ್ಟಕ್ಕೆ ಸಮುದ್ರಮಟ್ಟವೆಂಬ ಸ್ಥಿರವಾದ ಆಧಾರವಿದೆ. ಚದುರಂಗದ ರೇಟಿಂಗಿಗೆ ಅಂತಹ ಸಮುದ್ರವಿಲ್ಲ. ಊರಿನ ನೆಲವೇ ಉಂಟು, ಆ ನೆಲವೂ ವರ್ಷದಿಂದ ವರ್ಷಕ್ಕೆ ಜರುಗುತ್ತಿರುತ್ತದೆ. ಹೊಸಬರು ಅಂಕಗಳೊಡನೆ ಬರುತ್ತಾರೆ, ಹಳಬರು ತಮ್ಮ ಅಂಕಗಳನ್ನು ಹೊತ್ತುಕೊಂಡೇ ನಿವೃತ್ತರಾಗುತ್ತಾರೆ. ಹೀಗಿರುವಲ್ಲಿ ೧೯೯೯ರ ೨೮೫೧ಕ್ಕೂ ೨೦೧೪ರ ೨೮೮೨ಕ್ಕೂ ಇರುವ ೩೧ರ ವ್ಯತ್ಯಾಸಕ್ಕೆ ಎಷ್ಟು ಬೆಲೆ ಕೊಡಬೇಕು? ಒಂದೇ ಕಾಲದಲ್ಲಿ ಎದುರಾಗಿದ್ದರೂ ಅದರ ಅರ್ಥ ನೂರು ಆಟಗಳಲ್ಲಿ ಸುಮಾರು ೫೪½ ಅಂಕ ಎಂದಷ್ಟೆ. ಕಾಲವೇ ಬೇರೆಯಾದಾಗ ಅಷ್ಟೂ ಉಳಿಯುವುದಿಲ್ಲ.

ಮನುಷ್ಯರನ್ನು ಪರಸ್ಪರ ಹೋಲಿಸುವುದನ್ನು ಬಿಟ್ಟು ಅವರ ನಡೆಗಳನ್ನೇ ಯಂತ್ರದಿಂದ ಪರೀಕ್ಷಿಸಿದರೆ ಹೇಗೆ? ಸ್ಲೊವೇನಿಯದ ಲ್ಯುಬ್ಲ್ಯಾನ ವಿಶ್ವವಿದ್ಯಾನಿಲಯದ ಗುಯಿಡ್ ಮತ್ತು ಬ್ರಾಟ್ಕೊ ಎಂಬ ವಿದ್ವಾಂಸರು ೨೦೦೬ರಲ್ಲಿ ಈ ಪ್ರಯತ್ನ ಮಾಡಿದರು. ಜಗಜ್ಜೇತರ ಆಟಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಒಂದೊಂದು ನಡೆಯಲ್ಲಿಯೂ ಅದು ಆರಿಸಿದ ಉತ್ತಮ ನಡೆಗಿಂತ ಆಟಗಾರ ಎಷ್ಟು ಹಿಂದುಳಿದನೆಂದು ಲೆಕ್ಕ ಹಾಕಿಸಿದರು. ಸರಾಸರಿ ತಪ್ಪು ಎಲ್ಲರಿಗಿಂತ ಕಡಿಮೆಯಾಗಿ ಕಂಡುದು ಕ್ಯೂಬಾದ ಕಾಪಬ್ಲಾಂಕ ಅವರಲ್ಲಿ. ಅವರು ಜಗಜ್ಜೇತರಾಗಿದ್ದುದು ೧೯೨೧ರಿಂದ ೧೯೨೭ರ ವರೆಗೆ. ಇದು ಸ್ವಾರಸ್ಯವಾದ ಫಲಿತಾಂಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಪಬ್ಲಾಂಕ ಸರಳವಾದ, ತಿಳಿಯಾದ ಸ್ಥಿತಿಗಳನ್ನು ಮೆಚ್ಚಿ ಆಡುತ್ತಿದ್ದವರು. ತಾಲ್‌ರಂತಹವರು ಬೇಕೆಂದೇ ಹಲಗೆಯನ್ನು ಕಾಡಾಗಿಸುತ್ತಿದ್ದರು. ಹೆದ್ದಾರಿಯಲ್ಲಿ ನಡೆದವನು ಕಡಿಮೆ ಎಡವಿದನೆಂದು ಕಾಡಿನಲ್ಲಿ ನಡೆದವನಿಗಿಂತ ಗಟ್ಟಿಗನೆಂದು ಹೇಳಲಾದೀತೆ? ಅಲ್ಲದೆ ನಡೆಗಳ ನಿಖರತೆಯೇ ಶ್ರೇಷ್ಠತೆಯಾದರೆ ಈಚಿನವರು ಹಿಂದಿನವರ ಅನುಭವವನ್ನೆಲ್ಲ ಪುಸ್ತಕದಲ್ಲಿ ಓದಿಕೊಂಡು ಬಂದಿರುವುದನ್ನು ಲೆಕ್ಕಕ್ಕೆ ಹಿಡಿಯಬೇಡವೆ? ನ್ಯೂಟನ್ನನಿಗೆ ತಿಳಿಯದಿದ್ದ ಎಷ್ಟೋ ಭೌತಶಾಸ್ತ್ರ ಇಂದಿನ ಬಿ.ಎಸ್‌ಸಿ. ವಿದ್ಯಾರ್ಥಿಗೆ ತಿಳಿದಿದೆ.

ಆದುದರಿಂದ ಉಳಿಯುವುದು ಮೂರನೆಯ ಮಾರ್ಗ: ಯಾರು ತಮ್ಮ ಸಮಕಾಲೀನರಿಗಿಂತ ಎಷ್ಟು ಎತ್ತರದಲ್ಲಿದ್ದರು ಎಂಬುದು. ಇಲ್ಲಿ ಫಿಷರ್‌ಗೆ ಸಾಟಿಯಿಲ್ಲ. ೧೯೭೧ರಲ್ಲಿ ತೈಮನೋವ್ ಮತ್ತು ಲಾರ್ಸೆನ್ ಅವರನ್ನು ಒಂದರ ಮೇಲೊಂದರಂತೆ ೬-೦ ಅಂತರದಿಂದ ಸೋಲಿಸಿದರು. ೧೯೭೨ರಲ್ಲಿ ಅವರ ಸಂಖ್ಯೆ ೨೭೮೫. ಜಗಜ್ಜೇತರಾಗಿದ್ದ ಸ್ಪಾಸ್ಕಿಯವರದು ೨೬೬೦. ೧೨೫ರ ಈ ಅಂತರವೆಂದರೆ ಆಡಿದ ಮೂರು ಅಂಕಗಳಲ್ಲಿ ಎರಡು ಫಿಷರ್‌ಗೆ. ಆದರೆ ಪಟ್ಟ ದೊರೆತ ಮೇಲೆ ಅವರು ಇಪ್ಪತ್ತು ವರ್ಷ ಆಟವನ್ನೇ ಬಿಟ್ಟರು. ಶಿಖರವೇನೋ ಎತ್ತರವಾದುದು, ಬುಡ ಅತಿ ಕಿರಿದು.

ಅಂತರವೊಂದನ್ನೇ ನಂಬುವುದರಲ್ಲಿ ಬೇರೊಂದು ತೊಡಕೂ ಇದೆ. ಸಮಬಲನಾದ ಎದುರಾಳಿಯೊಡನೆ ಒಂದೇ ಕಾಲದಲ್ಲಿ ಹುಟ್ಟಿದ ದುರದೃಷ್ಟಶಾಲಿಗೆ ಅದು ಅನ್ಯಾಯ ಮಾಡುತ್ತದೆ. ಕಾಸ್ಪರೋವ್ ಮತ್ತು ಕಾರ್ಪೊವ್ ೧೯೮೪ರಿಂದ ೧೯೯೦ರ ವರೆಗೆ ಪಟ್ಟಕ್ಕಾಗಿ ಐದು ಬಾರಿ ಸೆಣಸಿದರು. ಒಟ್ಟು ೧೪೪ ಆಟಗಳು, ೧೦೪ ಸಮ, ಕಾಸ್ಪರೋವ್ ಗೆದ್ದುದು ೨೧, ಕಾರ್ಪೊವ್ ಗೆದ್ದುದು ೧೯. ಒಂದು ನಾಣ್ಯವನ್ನು ನಲವತ್ತು ಸಲ ಚಿಮ್ಮಿ ೨೧ ಸಲ ತಲೆ ಬಿದ್ದರೆ ಆ ನಾಣ್ಯದಲ್ಲಿ ಮೋಸವಿದೆಯೆಂದು ಯಾರೂ ಹೇಳುವುದಿಲ್ಲ. ಸಂಭವಶಾಸ್ತ್ರದ ಪ್ರಕಾರ ಇಪ್ಪತ್ತರಿಂದ ಮೂರರಷ್ಟು ಆಚೀಚೆಯಾಗುವುದು ತೀರ ಸಾಮಾನ್ಯ. ಜಗತ್ತಿನ ಇಬ್ಬರು ಅತ್ಯುತ್ತಮರು ೧೪೪ ಸಲ ಎದುರುಬದುರು ಕುಳಿತರೂ, ಆ ಅಂಕಗಳಿಂದಲೇ ಯಾರು ಮೇಲೆಂದು ನಿರ್ಧರಿಸಲಾಗದು! ಎಂದೂ ಎದುರಾಗದವರ ವಿಷಯದಲ್ಲಿ ನಾವು ತೋರಿಸುವ ಧೈರ್ಯ ನಿಜಕ್ಕೂ ದೊಡ್ಡದು.

ಹೀಗಿದ್ದರೂ ನನ್ನ ಮತವನ್ನು ಕೇಳಿದರೆ ಅದು ಕಾಸ್ಪರೋವರಿಗೆ. ಎತ್ತರವನ್ನೂ ಕಾಲವನ್ನೂ ಕೂಡಿಸಿ, ರೇಖಾಚಿತ್ರದ ಕೆಳಗಿನ ಕ್ಷೇತ್ರಫಲವನ್ನು ಅಳೆಯುವಂತೆ ಅಳೆಯಬೇಕೆಂಬುದು ನನ್ನ ವಾದ. ೧೯೮೫ರಿಂದ ೨೦೦೦ದ ವರೆಗೆ ಅವರು ಜಗಜ್ಜೇತರು. ೨೦೦೫ರಲ್ಲಿ ನಿವೃತ್ತರಾಗುವ ತನಕ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಪಟ್ಟಿಯ ತುದಿಯಲ್ಲಿದ್ದವರು. ಅದರಲ್ಲಿ ಮೊದಲ ಭಾಗವನ್ನು ಕಾರ್ಪೊವರಂತಹ ಎದುರಾಳಿಯ ಕಣ್ಣೆದುರಿಗೇ ಸಾಧಿಸಿದರು. ಕಾರ್ಲ್‌ಸನ್ನರ ಕ್ಷೇತ್ರಫಲವೂ ಅದಕ್ಕೆ ಬಹು ಸಮೀಪವಾದುದು. ೨೦೧೩ರಲ್ಲಿ ಚೆನ್ನೈಯಲ್ಲಿ ಆನಂದ್‌ರಿಂದ ಗೆದ್ದ ಪಟ್ಟವನ್ನು ಹತ್ತು ವರ್ಷ ಉಳಿಸಿಕೊಂಡು, ತಾವಾಗಿಯೇ ಬಿಟ್ಟುಕೊಟ್ಟವರು ಅವರು. ಈ ಮತವನ್ನು ಒಪ್ಪದವರು ಕಾರ್ಲ್‌ಸನ್ನರ ಪರವಾಗಿ ಒಳ್ಳೆಯ ವಾದ ಹೂಡಬಲ್ಲರು.

ಆದರೆ ಇಷ್ಟೆಲ್ಲ ಚರ್ಚೆಯೂ ಅಳತೆಯ ಮೇಜಿಗೆ ಬಂದವರನ್ನು ಕುರಿತದ್ದು. ಬಾರದೆ ಹೋದವರ ಪಾಡೇನು? ಎಲೊ ಪದ್ಧತಿ ಒಂದು ಸರಪಳಿ. ಒಬ್ಬ ಮತ್ತೊಬ್ಬನೊಡನೆ, ಅವನು ಇನ್ನೊಬ್ಬನೊಡನೆ ಆಡಿದ್ದರೆ ಮಾತ್ರ ಕೊಂಡಿ ಬೆಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿಯವರಿಗೆ ಅಂತಹ ಒಂದು ಕೊಂಡಿ ದೊರೆಯಿತು. ಲಂಡನ್ನಿನಲ್ಲಿ ಸ್ಟಾಂಟನ್ನರೊಡನೆ ಆಡಿದ್ದ ಕಾಕ್ರೇನ್ ಎಂಬ ವಕೀಲರು ಕಲ್ಕತ್ತೆಯಲ್ಲಿ ಅವರೊಡನೆ ನೂರಾರು ಆಟಗಳನ್ನಾಡಿ ಬರೆದಿಟ್ಟರು. ಇಂದು ‘ಇಂಡಿಯನ್ ಡಿಫೆನ್ಸ್’ ಎಂದು ಹೆಸರಾದ ಪ್ರಾರಂಭಗಳ ಮೂಲ ಅಲ್ಲಿದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಭಾರತೀಯ ನಿಯಮಗಳಂತೆ ಆಟ ಕಲಿತವರು. ಅದರಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿಯೂ ಒಂದೇ ಮನೆ. ೧೯೨೯ರಲ್ಲಿ ಇಂಗ್ಲೆಂಡಿಗೆ ಹೋದ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದರು. ೧೯೩೨, ೧೯೩೩ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್‌ನಲ್ಲಿ ಕಾಪಬ್ಲಾಂಕರನ್ನೂ, ಪ್ರಾಗ್‌ನಲ್ಲಿ ರೂಬಿನ್‌ಸ್ಟೈನರನ್ನೂ ಸೋಲಿಸಿದರು. ಅನಂತರ ಊರಿಗೆ ಮರಳಿದರು, ಕೊಂಡಿ ಕಡಿಯಿತು. ೧೯೫೦ರಲ್ಲಿ ಫಿಡೆ ಮೊತ್ತಮೊದಲು ೨೭ ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಾಗ, ಬಹಳ ಹಿಂದೆಯೇ ಆಟ ಬಿಟ್ಟಿದ್ದ ರೂಬಿನ್‌ಸ್ಟೈನರ ಹೆಸರು ಅದರಲ್ಲಿದ್ದಿತು, ಸುಲ್ತಾನ್ ಖಾನರದು ಇರಲಿಲ್ಲ. ಅವರಿಗೆ ಗೌರವ ಬಿರುದು ಬಂದುದು ೨೦೨೪ರಲ್ಲಿ. ಅವರು ತೀರಿಕೊಂಡು ಆಗ ಐವತ್ತೆಂಟು ವರ್ಷಗಳಾಗಿದ್ದುವು.

ಇನ್ನು ನಮ್ಮ ಮುಮ್ಮಡಿಯವರು. ೧೭೯೪ರಲ್ಲಿ ಹುಟ್ಟಿ ೧೮೬೮ರಲ್ಲಿ ಗತಿಸಿದ ಈ ದೊರೆ, ೧೮೩೧ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ವಿದ್ಯೆ, ಕಲೆ, ಕ್ರೀಡೆಗಳಲ್ಲಿ ಮನಸ್ಸನ್ನು ತೊಡಗಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನ ಕೊಟ್ಟರು. ಇವರನ್ನು ಕಾಸ್ಪರೋವರ ಪಕ್ಕದಲ್ಲಿ ಕೂರಿಸಬೇಕೆನ್ನುವ ಊರಭಿಮಾನ ನನಗೆ ಸರಿತೋರುವುದಿಲ್ಲ. ಸೂತ್ರದಲ್ಲಿ ಹಾಕಲು ಅವರಿಗೆ ಸಂಖ್ಯೆಯಿಲ್ಲ. ದೊರೆಯೆದುರು ಕುಳಿತ ಆಸ್ಥಾನಿಕ ಎಷ್ಟು ಬಲವಾಗಿ ಆಡಿದನೋ ದೇವರೇ ಬಲ್ಲ. ಸರಪಳಿಗೆ ಸೇರಿದ ಮೈಸೂರಿನವರು ಬೇರೆ ಇದ್ದಾರೆ: ೨೦೧೭ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಎಂ. ಎಸ್. ತೇಜ್‌ಕುಮಾರ್ ಈ ಊರಿನವರೇ.

ಮುಮ್ಮಡಿಯವರ ನಿಜವಾದ ಸಾಧನೆ ಎದುರಾಳಿಯ ಅಗತ್ಯವೇ ಇಲ್ಲದ ಒಂದು ಕ್ಷೇತ್ರದಲ್ಲಿದೆ. ಒಂದೇ ಕುದುರೆಯನ್ನು ಅರುವತ್ತುನಾಲ್ಕು ಮನೆಗಳಲ್ಲಿಯೂ, ಯಾವ ಮನೆಯನ್ನೂ ಎರಡನೆಯ ಸಲ ತುಳಿಯದಂತೆ ನಡೆಸುವ ‘ತುರಗಗತಿ’ಯೇ ಆ ಕ್ಷೇತ್ರ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನ ಕಾಲಕ್ಕಾಗಲೇ ನಮ್ಮಲ್ಲಿ ಇದು ಚಿತ್ರಕಾವ್ಯದ ಬಂಧವಾಗಿತ್ತು. ಮುಮ್ಮಡಿಯವರು ಇಂತಹ ಗತಿಗಳನ್ನು ಹಲವು ಬಗೆಯಲ್ಲಿ ರಚಿಸಿದರು, ಅಂಕಚಮತ್ಕಾರದವೂ ಅವುಗಳಲ್ಲಿವೆ. ನಡೆಗಳಿಗೆ ೧ರಿಂದ ೬೪ರ ವರೆಗೆ ಅಂಕ ಹಾಕಿದರೆ ಒಟ್ಟು ಮೊತ್ತ ೨೦೮೦. ಪ್ರತಿಯೊಂದು ಸಾಲಿಗೂ ಸಮನಾಗಿ ಹಂಚಿದರೆ ೨೬೦. ಅಡ್ಡಸಾಲು, ಉದ್ದಸಾಲುಗಳೆಲ್ಲವೂ ೨೬೦ ಆಗುವ ಮೂಲಗತಿಗಳು ೧೪೦ ಮಾತ್ರವೆಂದೂ, ಎರಡು ಕರ್ಣಗಳೂ ೨೬೦ ಆಗುವಂತಹುದು ಒಂದೂ ಇಲ್ಲವೆಂದೂ ಗಣಕಯಂತ್ರಗಳು ಎರಡು ತಿಂಗಳು ದುಡಿದು ೨೦೦೩ರಲ್ಲಿ ತೋರಿಸಿಕೊಟ್ಟುವು. ಇಲ್ಲಿ ಕಾಲದ ಹಂಗಿಲ್ಲ, ಎದುರಾಳಿಯ ದಾಕ್ಷಿಣ್ಯವಿಲ್ಲ. ಗತಿ ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು. ಅರಮನೆಯಲ್ಲಿ ಬರೆದುದನ್ನು ಹೈಸ್ಕೂಲಿನ ಹುಡುಗಿ ಇಂದು ಪರೀಕ್ಷಿಸಬಹುದು.

ವಿದ್ಯಾರ್ಥಿಗಳು ತಾವೇ ಪ್ರಯತ್ನಿಸಬಹುದು. ಕಾಗದದ ಮೇಲೆ ಎಂಟಕ್ಕೆ ಎಂಟು ಮನೆ ಗೀಚಿ ಮೂಲೆಯಲ್ಲಿ ೧ ಎಂದು ಬರೆಯಿರಿ. ಮನಸ್ಸಿಗೆ ಬಂದಂತೆ ನಡೆದರೆ ಸಾಮಾನ್ಯವಾಗಿ ಕೆಲವು ಮನೆಗಳು ಉಳಿದಿರುವಾಗಲೇ ದಾರಿ ಮುಚ್ಚಿಹೋಗುತ್ತದೆ. ೧೮೨೩ರಲ್ಲಿ ವಾರ್ನ್ಸ್‌ಡಾರ್ಫ್ ಎಂಬ ಜರ್ಮನರು ಇದಕ್ಕೊಂದು ಉಪಾಯ ಹೇಳಿದರು: ಮುಂದೆ ಹೋಗಬಹುದಾದ ಮನೆಗಳಲ್ಲಿ ಯಾವುದರಿಂದ ಹೊರಡಲು ಎಲ್ಲಕ್ಕಿಂತ ಕಡಿಮೆ ದಾರಿಗಳಿವೆಯೋ ಅದನ್ನೇ ಮೊದಲು ತುಳಿಯಬೇಕು. ಪೆನ್ಸಿಲ್ಲಿನಲ್ಲಿ ಬರೆಯುವುದು ಮೇಲು; ಮೂವತ್ತನ್ನು ದಾಟಿದ ಮೇಲೆ ಅಳಿಸುವ ಕೆಲಸ ಹೆಚ್ಚು.