ಉಂಡು ಮಲಗುವ ಹೊತ್ತು ಬೇರೆಯಾದರೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವರು, ಗಂಡ ಉಂಡು ಮಲಗುವ ಹೊತ್ತಿಗೆ ಹೆಂಡತಿ ಎದ್ದು ಕೆಲಸಕ್ಕೆ ಹೊರಟರೆ ಗತಿಯೇನು ಎಂದು ಯೋಚಿಸಿದಂತಿಲ್ಲ. 1992ರ ಸೆಪ್ಟೆಂಬರ್ 12ರಂದು ಫ್ಲಾರಿಡಾದಿಂದ ಮೇಲೇರಿದ ಎಂಡೆವರ್ ನೌಕೆಯಲ್ಲಿ ಆದದ್ದು ಅದೇ. ಅದರಲ್ಲಿದ್ದ ಏಳು ಜನರಲ್ಲಿ ಮಾರ್ಕ್ ಲೀ ಮತ್ತು ಜ್ಯಾನ್ ಡೇವಿಸ್ ಗಂಡ-ಹೆಂಡತಿ. ಬಾಹ್ಯಾಕಾಶಕ್ಕೆ ಜೊತೆಯಾಗಿ ಹೋದ ಮೊದಲ ದಂಪತಿ ಅವರು. ಲೀ ಅಮೆರಿಕದ ವಾಯುಪಡೆಯ ಅಧಿಕಾರಿ, ಡೇವಿಸ್ ಮೆಕ್ಯಾನಿಕಲ್ ಎಂಜಿನಿಯರ್. ಪ್ರಯೋಗಗಳು ಹಗಲಿರುಳೂ ನಡೆಯಬೇಕಿದ್ದರಿಂದ ತಂಡವನ್ನು ಎರಡು ಶಿಫ್ಟ್ ಮಾಡಿದ್ದರು. ಲೀ ಕೆಂಪು ತಂಡ, ಡೇವಿಸ್ ನೀಲಿ ತಂಡ. ಒಬ್ಬರು ಬಂಕಿನೊಳಗೆ ತೂರಿ ಬಾಗಿಲು ಸರಿಸಿಕೊಳ್ಳುವಾಗ ಇನ್ನೊಬ್ಬರು ಸುರಂಗದಂಥ ದಾರಿಯಲ್ಲಿ ತೇಲಿಕೊಂಡು ಪ್ರಯೋಗಾಲಯಕ್ಕೆ ಹೊರಡುವರು. ಸುಮಾರು ಎಂಟು ದಿನ ಹೀಗೇ ನಡೆಯಿತು.

ಪತ್ರಕರ್ತರಿಗಿದ್ದ ಕುತೂಹಲ ಏನೆಂದು ಬಿಡಿಸಿ ಹೇಳಬೇಕಿಲ್ಲ. ತಮಾಷೆಯೆಂದರೆ, ಸಂತಾನದ ವಿಷಯದಲ್ಲಿ ಆ ನೌಕೆಯೊಳಗೆ ನಿಜವಾಗಿ ಪ್ರಯೋಗ ನಡೆದದ್ದು ಕಪ್ಪೆಗಳ ಮೇಲೆ.

ಗಂಡ-ಹೆಂಡತಿಯನ್ನು ಒಂದೇ ನೌಕೆಗೆ ಹತ್ತಿಸುವುದಿಲ್ಲ ಎಂಬುದು ನಾಸಾದ ಪದ್ಧತಿ. ಇವರಿಬ್ಬರು ತಂಡಕ್ಕೆ ಆಯ್ಕೆಯಾದ ಮೇಲೆ, 1991ರಲ್ಲಿ, ಸದ್ದಿಲ್ಲದೆ ಮದುವೆಯಾದರು. ಹೊಸಬರನ್ನು ತಯಾರು ಮಾಡಲು ಹೊತ್ತು ಮೀರಿತ್ತು, ಇವರಿಗೆ ಮಕ್ಕಳೂ ಇರಲಿಲ್ಲ. ಅದಕ್ಕೇ ರಿಯಾಯಿತಿ ಸಿಕ್ಕಿತು. ಈ ಪದ್ಧತಿಯಲ್ಲಿ ಹುರುಳಿದೆಯೇ ಎಂಬುದು ನನ್ನ ಪ್ರಶ್ನೆ. ಅದರಲ್ಲೂ ಸೈನ್ಯದವರು ಹೋಗುವ ನೌಕೆಗಳಲ್ಲಿ. ಬಾಹ್ಯಾಕಾಶದಲ್ಲಿ ಸೈನ್ಯ ಎಂಬುದು ಬರೀ ಸಿನಿಮಾದ ಮಾತಲ್ಲ. ಸೋವಿಯತ್ ಒಕ್ಕೂಟ 1974ರಲ್ಲಿ ಹಾರಿಸಿದ ಸಲ್ಯೂತ್ 3 ನಿಲ್ದಾಣಕ್ಕೆ ತೋಪನ್ನೇ ಕೂರಿಸಿತ್ತು. ನಮ್ಮ ಗಗನಯಾನಕ್ಕೆಂದು ಆಯ್ಕೆಯಾಗಿ ಬೆಂಗಳೂರಿನಲ್ಲಿ ತರಬೇತಿ ಪಡೆದ ನಾಲ್ವರೂ ವಾಯುಪಡೆಯವರೇ. ನೌಕೆಯ ಮೇಲೆ ಸೈನ್ಯದ ಬಾವುಟ ಇರಲಿ ಬಿಡಲಿ, ಒಳಗಿರುವವರಲ್ಲಿ ಬಹಳ ಮಂದಿ ಆಜ್ಞೆ ಪಾಲಿಸಿ ಬೆಳೆದವರು.

ವಿರೋಧಿಸುವವರು ಮೊದಲು ಹೇಳುವುದು ಮೋಹದ ಮಾತು. ಗಾಳಿ ಸೋರುತ್ತಿದೆ, ಬಾಗಿಲು ಮುಚ್ಚಬೇಕು, ಆಚೆ ಬದಿಯಲ್ಲಿ ಹೆಂಡತಿ ಇದ್ದಾಳೆ, ಗಂಡ ಮುಚ್ಚುತ್ತಾನೆಯೇ? ಕೇಳಲು ಗಟ್ಟಿಯಾದ ವಾದ. ಆದರೆ ಆಚೆ ಬದಿಯಲ್ಲಿ ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನಿದ್ದರೆ ಕೈ ನಡುಗುವುದಿಲ್ಲವೇ? ಸೈನ್ಯ ನಡೆಯುವುದೇ ಅಂಥ ಮೋಹದ ಮೇಲೆ. ಪಕ್ಕದವನಿಗಾಗಿ ಪ್ರಾಣ ಕೊಡು ಎಂದು ಕಲಿಸುವವರು, ಪಕ್ಕದವಳು ಹೆಂಡತಿ ಎಂದ ಕೂಡಲೇ ಹೌಹಾರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಮಕ್ಕಳ ಮಾತು ಬೇರೆ, ಅದನ್ನು ಒಪ್ಪುತ್ತೇನೆ. 1942ರ ನವೆಂಬರ್‌ನಲ್ಲಿ ಜುನೋ ಎಂಬ ಅಮೆರಿಕದ ಯುದ್ಧನೌಕೆ ಮುಳುಗಿದಾಗ ಸಲಿವನ್ ಮನೆಯ ಐವರು ಅಣ್ಣತಮ್ಮಂದಿರೂ ಹೋದರು. ಅವರು ಕರ್ತವ್ಯದಲ್ಲಿ ತಪ್ಪಿದ್ದಿಲ್ಲ, ಬರಿದಾದದ್ದು ಮನೆ. ಎಂಡೆವರ್‌ನ ಕಮಾಂಡರ್ ರಾಬರ್ಟ್ ಗಿಬ್ಸನ್ ನೌಕಾಪಡೆಯವರು, ಅವರ ಹೆಂಡತಿ ರಿಯಾ ಸೆಡನ್ ಕೂಡ ಗಗನಯಾತ್ರಿ. ಅವರು ಐದು ಸಲ ಹೋದರು, ಇವರು ಮೂರು ಸಲ. ಒಮ್ಮೆಯೂ ಜೊತೆಯಾಗಿ ಹೋಗಲಿಲ್ಲ. ಮನೆಯಲ್ಲಿ ಮಕ್ಕಳಿದ್ದವು.

ಆದರೆ ನಿಜವಾದ ತೊಡಕು ಇವೆರಡರಲ್ಲೂ ಇಲ್ಲ. ಪಂಚವಟಿಯನ್ನು ನೆನೆಯಿರಿ. ಅತ್ತಿಗೆಯನ್ನು ಬಿಟ್ಟು ಕದಲಬೇಡ ಎಂಬುದು ಅಣ್ಣನ ಅಪ್ಪಣೆ. ಈಗಲೇ ಹೊರಡು ಎಂಬುದು ಅತ್ತಿಗೆಯ ಅಪ್ಪಣೆ. ಲಕ್ಷ್ಮಣನಿಗೆ ಯಾವುದು ದೊಡ್ಡದು? ಅಲ್ಲಿ ಕೆಡುಕಾದದ್ದು ರಾಮ ಸೀತೆಯರ ಪ್ರೀತಿಯಿಂದಲ್ಲ, ಒಂದೇ ಮನೆಯಿಂದ ಎರಡು ಅಪ್ಪಣೆ ಹೊರಟದ್ದರಿಂದ. ಇಕ್ಕಟ್ಟಿಗೆ ಸಿಕ್ಕಿದವನು ಮೂರನೆಯವನು. ನೌಕೆಯಲ್ಲೂ ಹಾಗೆಯೇ. ಕಮಾಂಡರನ ಹೆಂಡತಿ ಒಂದು ಮಾತು ಆಡಿದರೆ ಅದು ಸಲಹೆಯೋ ಆಜ್ಞೆಯೋ ಎಂದು ಉಳಿದವರು ತೂಗಿ ನೋಡಬೇಕಾಗುತ್ತದೆ. ದಂಡುಪ್ರದೇಶದಲ್ಲಿ ನಾಲ್ಕು ದಿನ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ದೊಡ್ಡ ಸಾಹೇಬರ ಹೆಂಡತಿಯ ಹೆಗಲ ಮೇಲೆ ಪಟ್ಟಿ ಇರುವುದಿಲ್ಲ ಅಷ್ಟೆ.

ಎಂಡೆವರ್‌ನಲ್ಲಿ ಪ್ರಯೋಗಗಳ ಒಟ್ಟು ಹೊಣೆ ಲೀ ಅವರದು. ಅಂದರೆ ಡೇವಿಸ್ ಅವರ ಕೆಲಸ ಗಂಡನ ಮೇಲ್ವಿಚಾರಣೆಗೇ ಬರುತ್ತಿತ್ತು. ಆದರೆ ಪಾಳಿ ಬೇರೆ, ಇಬ್ಬರ ಮೇಲೂ ಗಿಬ್ಸನ್ ಇದ್ದರು. ಇಷ್ಟು ಸಾಕು ಎಂದು ನನ್ನ ಎಣಿಕೆ. ನಿಯಮ ಬೇಕಾದದ್ದು ಮದುವೆಗಲ್ಲ, ಆಜ್ಞೆಗೆ: ಗಂಡ ಹೆಂಡತಿಯರಲ್ಲಿ ಒಬ್ಬರ ಸಂಬಳ, ಬಡ್ತಿ, ಪ್ರಾಣ ಇನ್ನೊಬ್ಬರ ಸಹಿಯ ಮೇಲೆ ನಿಲ್ಲಬಾರದು.

ಹಾಗಾದರೆ ಜೊತೆಯಾಗಿ ಕಳಿಸಿದರೆ ಸಂಸಾರಕ್ಕೆ ಒಳ್ಳೆಯದೇ? ಅದನ್ನೂ ಕಣ್ಣು ಮುಚ್ಚಿ ಒಪ್ಪಲಾರೆ. ನಮ್ಮ ಸೋದರತ್ತೆಯ ಗಂಡ ಮಿಲಿಟರಿಯಲ್ಲಿದ್ದರು. ಮಾವ ರಜೆಗೆ ಬಂದರೆ ಮೊದಲ ದಿನವೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಚೀಟಿ ಅಂಟಿಸುವರು. ಅತ್ತೆ ತುಟಿ ಎರಡು ಮಾಡುತ್ತಿರಲಿಲ್ಲ. ಮಾವನ ಕಪ್ಪು ಟ್ರಂಕು ಬಸ್ಸಿನ ಮೇಲೇರಿದ ಸಂಜೆಯೇ ಸಾಸಿವೆ ಡಬ್ಬಿ ಒಲೆಯ ಪಕ್ಕಕ್ಕೆ ಮರಳುತ್ತಿತ್ತು. ಇಪ್ಪತ್ತು ವರ್ಷ ಹೀಗೆ ನಡೆದ ದಾಂಪತ್ಯ, ಮಾವ ಪಿಂಚಣಿ ಪಡೆದು ಊರಿಗೆ ಬಂದು ಕೂತ ಮೊದಲ ವರ್ಷದಲ್ಲಿ ಕಂಡಷ್ಟು ರಂಪವನ್ನು ಹಿಂದೆಂದೂ ಕಂಡಿರಲಿಲ್ಲ. ದೂರವೂ ಒಂದು ಅಭ್ಯಾಸ. ರಷ್ಯದ ವಾಯುಪಡೆಯ ಕರ್ನಲ್ ಯೂರಿ ಮಲೆಂಚೆಂಕೊ 2003ರ ಆಗಸ್ಟ್ 10ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದುಕೊಂಡೇ ಟೆಕ್ಸಸ್‌ನಲ್ಲಿದ್ದ ವಧುವನ್ನು ವರಿಸಿದಾಗ ಅವರ ಮೇಲಧಿಕಾರಿಗಳು ಮುಖ ಗಂಟಿಕ್ಕಿದ್ದು ದೂರಕ್ಕಲ್ಲ, ಸೇನೆಯ ಗುಟ್ಟು ಬಲ್ಲವನು ವಿದೇಶಿಯನ್ನು ಮದುವೆಯಾಗುವುದಕ್ಕೆ. ಬೀಗತನವೂ ಭದ್ರತೆಯ ಫೈಲಿಗೆ ಸೇರುತ್ತದೆ.

ದೂರ ಸಹಿಸಲಾಗದಷ್ಟು ದೊಡ್ಡದಾಗುವುದು ಮಂಗಳನ ದಾರಿಯಲ್ಲಿ. ಅಲ್ಲಿಂದ ಆಡಿದ ಮಾತು ಭೂಮಿಗೆ ತಲುಪಲು ಇಪ್ಪತ್ತು ನಿಮಿಷ ಮೀರಬಹುದು; ಜಗಳ ಕೂಡ ಸರಿಯಾಗಿ ಆಡಲಾಗದು. 2013ರಲ್ಲಿ ಡೆನಿಸ್ ಟಿಟೊ ಎಂಬ ಶ್ರೀಮಂತರು ಮಂಗಳನನ್ನು ಬಳಸಿ ಬರುವ 501 ದಿನಗಳ ಯಾನಕ್ಕೆ ನಡುವಯಸ್ಸಿನ ಗಂಡ-ಹೆಂಡತಿಯೇ ಆಗಬೇಕು ಎಂದಿದ್ದರು. ಆ ಯಾನ ಹೊರಡಲೇ ಇಲ್ಲ. ಆ ಯೋಜನೆಯಲ್ಲಿ ದುಡಿದ ಜೇನ್ ಪಾಯಿಂಟರ್ ಮತ್ತು ಟೇಬರ್ ಮ್ಯಾಕಲಮ್ ದಂಪತಿ ಹಿಂದೆ ಅರಿಜೋನಾದ ಬಯೋಸ್ಫಿಯರ್ 2 ಎಂಬ ಗಾಜಿನ ಕಟ್ಟಡದೊಳಗೆ 1991ರಿಂದ ಎರಡು ವರ್ಷ ಬೀಗ ಹಾಕಿಸಿಕೊಂಡು ಇದ್ದವರು. ಒಳಗಿದ್ದ ಎಂಟು ಜನ ನಾಲ್ಕು ನಾಲ್ಕಾಗಿ ಒಡೆದು ಮಾತು ಬಿಟ್ಟರು. ಈ ಜೋಡಿ ಇದ್ದದ್ದು ಒಂದೇ ಬಣದಲ್ಲಿ. ಅದು ಇರುವುದೇ ಹಾಗೆ: ಜೋಡಿಯೆಂದರೆ ಆಗಲೇ ಎರಡು ಓಟಿನ ಒಂದು ಪಕ್ಷ. ಆದ್ದರಿಂದ ಉದ್ದದ ಯಾನಕ್ಕೆ ಇಬ್ಬರೇ ಹೋಗುವುದಾದರೆ ದಂಪತಿ ಹೋಗಲಿ, ಹತ್ತು ಜನ ಹೋಗುವುದಾದರೆ ಮೂರು ನಾಲ್ಕು ಸಂಸಾರಗಳಿರಲಿ. ಒಂಟಿಗಳ ನಡುವೆ ಒಂದೇ ಒಂದು ಜೋಡಿಯನ್ನು ಕೂಡಿಸಿ ಬಾಗಿಲು ಹಾಕುವುದು ಎಲ್ಲಕ್ಕಿಂತ ಕೆಟ್ಟ ಲೆಕ್ಕ ಎಂದು ನನಗನ್ನಿಸುತ್ತದೆ.

ಲೀ ಮತ್ತು ಡೇವಿಸ್ ಮುಂದೊಂದು ದಿನ ಬೇರೆಯಾದರು. ಅದಕ್ಕೂ ಎಂಡೆವರ್‌ಗೂ ಗಂಟು ಹಾಕುವುದು ಸರಿಯಲ್ಲ. ಮನೆಯಲ್ಲೇ ಕೂತು ಬೇರೆಯಾಗುವವರು ಕಡಿಮೆಯೇನಿಲ್ಲ. 1994ರಲ್ಲಿ ಇಬ್ಬರೂ ಮತ್ತೆ ಬಾಹ್ಯಾಕಾಶಕ್ಕೆ ಹೋದರು. ನೌಕೆ ಒಂದೇ, ಡಿಸ್ಕವರಿ. ಫೆಬ್ರುವರಿಯಲ್ಲಿ ಡೇವಿಸ್ ಹೋಗಿ ಬಂದರು, ಸೆಪ್ಟೆಂಬರ್‌ನಲ್ಲಿ ಲೀ ಹೊರಟರು.