ಸುಗ್ಗಿಗೆ ಮುಂಚಿನ ಸ್ನೇಹ

ಆಶ್ವಯುಜ, ಕಾರ್ತಿಕ ಎಂದರೆ ತುಂಬಿದ ಕಣಜ, ಸಾಲು ಹಬ್ಬ, ಊರೆಲ್ಲ ಒಂದಾಗಿ ಉಣ್ಣುವ ಕಾಲ ಎಂದು ನಂಬಿದ್ದೇವೆ. ಹಾಸನ ಜಿಲ್ಲೆಯ ಬಯಲು ಭಾಗದ ಮಟ್ಟಿಗಾದರೂ ಇದು ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಚನ್ನರಾಯಪಟ್ಟಣದ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ಬಿತ್ತುವುದು ಆಷಾಢ, ಶ್ರಾವಣದ ಆಸುಪಾಸಿನಲ್ಲಿ. ಕೊಯ್ಲು ಸಾಮಾನ್ಯವಾಗಿ ದೀಪಾವಳಿ ಕಳೆದ ಮೇಲೆ. ಹಾಗಾಗಿ ಮಹಾನವಮಿಯ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹಳೆಯ ರಾಗಿ ತಳ ಕಂಡಿರುತ್ತಿತ್ತು, ಹೊಸದು ಇನ್ನೂ ತೆನೆಯಲ್ಲೇ ಇರುತ್ತಿತ್ತು. ಹಬ್ಬ ಬರುತ್ತಿದ್ದುದು ಸಮೃದ್ಧಿಗೆ ಒಂದು ಹೆಜ್ಜೆ ಮುಂಚೆ.

ಅಷ್ಟರಲ್ಲಿ ಆಲೂಗಡ್ಡೆ ಕಿತ್ತಿರುತ್ತಾರಲ್ಲ, ಕೈಯಲ್ಲಿ ಕಾಸು ಇರುತ್ತದಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅದರ ಬಿತ್ತನೆಗಡ್ಡೆ ಬೇಸಿಗೆಯಲ್ಲಿ ದೂರದ ಜಲಂಧರ್‌ನಿಂದ ಹಾಸನದ ಮಾರುಕಟ್ಟೆಗೆ ಬರುತ್ತದೆ. ಅದನ್ನು ಸಾಲ ಮಾಡಿ ಕೊಂಡವರೇ ಹೆಚ್ಚು. ಮೋಡ ಕವಿದು ಅಂಗಮಾರಿ ಬಿದ್ದರೆ ಬೆಳೆ ಹೋಗಿ ಸಾಲ ಮಾತ್ರ ಉಳಿಯುತ್ತದೆ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಕಥೆಯೂ ಹೆಚ್ಚು ಬೇರೆಯಲ್ಲ. ಎಲೆ ರಾಮನಾಥಪುರದ ಹರಾಜು ಕಟ್ಟೆ ತಲುಪುವ ಮುನ್ನ ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದವಾಗಬೇಕು. ರಾತ್ರಿಯಿಡೀ ಬೆಂಕಿ ಕಾಯಬೇಕು, ಕಾವು ಏರಲೂ ಬಾರದು, ಇಳಿಯಲೂ ಬಾರದು. ಒಬ್ಬನೇ ಕೂತರೆ ನಿದ್ದೆ ಬರುತ್ತದೆಂದು ಪಕ್ಕದ ಹೊಲದವನು ಬಂದು ಕೂರುತ್ತಾನೆ. ಅದನ್ನು ಯಾರೂ ಹಬ್ಬವೆಂದು ಕರೆಯುವುದಿಲ್ಲ. ಆದರೂ ಹಬ್ಬದ ಪಂಕ್ತಿಯಲ್ಲಿ ಆಡದ ಮಾತು ಅಲ್ಲಿ ಆಡಿ ಮುಗಿಯುತ್ತದೆ.

ಹಬ್ಬವೇ ಜನರನ್ನು ಕೂಡಿಸುತ್ತದೆ ಎಂಬುದೂ ಅರ್ಧ ಸತ್ಯವೆಂದೇ ನನಗೆ ತೋರುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಆ ದಿನಗಳಲ್ಲಿ ಹಾಸನದ ಮನೆಗಳು ಬೆಂಗಳೂರು, ಮೈಸೂರಿನ ನೆಂಟರಿಂದ ತುಂಬುತ್ತವೆ. ನೆಂಟರು ಸರತಿ ಸಾಲಿನಲ್ಲಿ, ಮನೆಯವರು ಒಲೆಯ ಮುಂದೆ. ಒಂದೇ ಸೂರಿನಡಿ ಇದ್ದವರೆಲ್ಲ ಒಟ್ಟಿಗೆ ಇದ್ದರು ಎನ್ನಲು ನನಗೆ ಧೈರ್ಯವಿಲ್ಲ.

ಹಾಗಾದರೆ ಊರನ್ನು ಕಟ್ಟಿದ್ದು ಯಾವುದು? ನನ್ನ ಮಟ್ಟಿಗೆ, ಮುಯ್ಯಾಳು ಮತ್ತು ಕೈಬದಲು. ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಕೊಯ್ಲಿಗೆ ನೀವು. ಹೊಸ ರಾಗಿ ಬರುವ ತನಕ ಎರಡು ಸೇರು ಕೊಟ್ಟಿರಿ. ನಿಜವಾದ ಸ್ನೇಹ ಲೆಕ್ಕ ಇಡುವುದಿಲ್ಲ ಎನ್ನುತ್ತಾರೆ. ನಾನು ಕಂಡ ಸ್ನೇಹಗಳು ತೀರದ ಲೆಕ್ಕದಿಂದಲೇ ಗಟ್ಟಿಯಾದವು. ಕೊಡುವುದು ಬಾಕಿ ಇದ್ದುದರಿಂದಲೇ ಬಾಗಿಲು ಬಡಿಯಲು ಕಾರಣವಿರುತ್ತಿತ್ತು. ಆದರೆ ಇದನ್ನು ಚಂದಗಾಣಿಸಿ ಹೇಳುವುದು ಅನ್ಯಾಯ. ಮುಯ್ಯಿ ತೀರಿಸಲು ಹೊಲವೇ ಇಲ್ಲದವರಿಗೆ ಈ ಸ್ನೇಹದಲ್ಲಿ ಪಾಲಿರಲಿಲ್ಲ. ರಾಗಿ ಕೇಳಲು ಬಂದರೂ ಅಂಗಳದಲ್ಲೇ ನಿಂತು ಸೆರಗೊಡ್ಡಬೇಕಾದ ಜಾತಿಗಳಿದ್ದವು. ಆದ್ದರಿಂದಲೇ, 2013ರಲ್ಲಿ ಅನ್ನಭಾಗ್ಯದ ಪಡಿತರ ಬಂದ ಮೇಲೆ ಊರಿನ ಒಗ್ಗಟ್ಟು ಸಡಿಲವಾಯಿತು ಎಂದು ಗೊಣಗುವವರ ಜತೆ ನಾನು ದನಿಗೂಡಿಸಲಾರೆ. ಪಡಿತರದಿಂದ ಸಡಿಲವಾದದ್ದು ಒಗ್ಗಟ್ಟೇ ಆಗಿದ್ದರೂ, ಅಂಗಳದಲ್ಲಿ ನಿಂತಿದ್ದವರು ಅದನ್ನು ಮತ್ತೆ ಬಯಸಬೇಕೆಂದು ನಾವು ಹೇಗೆ ಕೇಳುವುದು?

ಹಾಗೆ ಕೈಕೂಡಿಸಿ ಮಾಡುವ ಕೆಲಸಗಳಲ್ಲಿ ಉಳಿದಿರುವುದು ಅವರೆಕಾಯಿಯದು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಸೊಗಡಿನ ಕಾಯಿ ಇಬ್ಬನಿ ಬೀಳುತ್ತಿದ್ದಂತೆ ಹೊಳೆನರಸೀಪುರದ ಸಂತೆಗೆ ಬರುತ್ತದೆ. ಕಾಳು ಬಿಡಿಸಿ, ನೆನೆಹಾಕಿ, ಒಂದೊಂದನ್ನೇ ಹಿದುಕಬೇಕು. ಒಬ್ಬರಿಂದ ಆಗದ ಕೆಲಸವಾದ್ದರಿಂದ ಪಕ್ಕದ ಮನೆಯವರು ಮೊರ ಹಿಡಿದು ಬರುತ್ತಾರೆ. ಈಗ ಹಿದುಕಿದ ಬೇಳೆಯೇ ಅಂಗಡಿಯಲ್ಲಿ ಸಿಗುತ್ತದೆ, ಹಳೆಯ ಸುಖ ಹೋಯಿತು ಎಂದು ಗಂಡಸರು ನೊಂದುಕೊಳ್ಳುತ್ತಾರೆ. ಜಗಲಿಯ ಆ ಹರಟೆ ನನಗೂ ಬೇಕು. ಆದರೆ ಉಗುರು ನೊಂದದ್ದು ಹೆಂಗಸರದು, ಸಾರನ್ನು ಹೊಗಳಿದವರು ನಾವು. ಬೇಳೆ ಕೊಂಡು ತಂದ ಸಂಜೆ ಮನೆಯಾಕೆಗೆ ಎರಡು ಗಂಟೆ ಉಳಿಯಿತೆನ್ನಿ. ಮೊರವಿಲ್ಲದೆಯೂ ಆಕೆ ಗೆಳತಿಯ ಮನೆಗೆ ಹೋಗಿ ಸುಮ್ಮನೆ ಕೂರಬಹುದೇ, ಆ ಹೊತ್ತಿನಲ್ಲಿ ಒಲೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ನಾವಿನ್ನೂ ಮನೆಯಲ್ಲಿ ಕೂತು ಮಾತಾಡದ ವಿಷಯ.