ಹಳೆಯ ರೈಫಲ್‌ಗೆ ಗರಗಸ ಹಚ್ಚುವ ಮೊದಲು

ಎರಡನೇ ಮಹಾಯುದ್ಧ ಮುಗಿದ ಮೇಲೆ ನಾನಾ ದೇಶಗಳ ಸೇನೆಗಳು ಕೈಬಿಟ್ಟ ರೈಫಲ್‌ಗಳು ಹಡಗುಗಟ್ಟಲೆ ಅಮೆರಿಕದ ಮಾರುಕಟ್ಟೆಗೆ ಬಂದು ಬಿದ್ದವು. ಜರ್ಮನಿಯ ಮೌಸರ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಇಟಲಿಯ ಕಾರ್ಕಾನೋ, ಜೊತೆಗೆ ಅಮೆರಿಕದ್ದೇ ಆದ 1903ರ ಸ್ಪ್ರಿಂಗ್‌ಫೀಲ್ಡ್. ಅಂಚೆಯಲ್ಲಿ ಹಣ ಕಳಿಸಿದರೆ ಬಂದೂಕು ಮನೆಬಾಗಿಲಿಗೇ ಬರುತ್ತಿದ್ದ ಕಾಲ ಅದು. ಕೊಂಡವರು ಮುಂಭಾಗದ ಮರವನ್ನು ಅರ್ಧಕ್ಕೆ ಕತ್ತರಿಸಿ, ನಳಿಗೆಯನ್ನು ಗಿಡ್ಡ ಮಾಡಿ, ಉಕ್ಕಿನ ಮೈಗೆ ತೂತು ಕೊರೆದು ದುರ್ಬೀನು ಕೂರಿಸುವುದು ರೂಢಿಯಾಯಿತು. ಬೇಟೆಗೆ ಹಗುರಾಗುತ್ತದೆ, ದೂರದ ಗುರಿಗೆ ನಿಖರವಾಗಿ ಹೊಡೆಯಬಹುದು ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ಹಗುರವಾಗುವುದೇನೋ ನಿಜ. ನಿಖರತೆಯ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಳೆಯ ಸೇನಾ ರೈಫಲ್ ನೆಟ್ಟಗೆ ಹೊಡೆಯುವಂತಾಗುವುದು ತಪ್ಪು ಎಲ್ಲಿದೆ ಎಂದು ಅಳೆದು, ಅಲ್ಲಿಗೆ ಮಾತ್ರ ಕೈಹಾಕಿದಾಗ. ಇದನ್ನು ಒಂದಿಡೀ ದೇಶವೇ ಮಾಡಿ ತೋರಿಸಿದೆ. ಆ ದೇಶ ಫಿನ್ಲೆಂಡ್.

1917ರ ಡಿಸೆಂಬರ್‌ನಲ್ಲಿ ರಷ್ಯಾದಿಂದ ಬಿಡಿಸಿಕೊಂಡು ಸ್ವತಂತ್ರವಾದ ಫಿನ್ಲೆಂಡ್ ಮರುವರ್ಷವೇ ಅಂತರ್ಯುದ್ಧಕ್ಕೆ ಬಿತ್ತು. ಅದು ಮುಗಿಯುವ ಹೊತ್ತಿಗೆ ದೇಶದ ತುಂಬ ಉಳಿದದ್ದು ರಷ್ಯಾದ ಸೇನೆ ಬಿಟ್ಟುಹೋದ ಮೋಸಿನ್-ನಾಗಾಂತ್ ರೈಫಲ್‌ಗಳು. 1891ರಲ್ಲಿ ರಷ್ಯಾ ಒಪ್ಪಿಕೊಂಡ ಮಾದರಿ ಅದು. ಉದ್ದ, ಒರಟು, ರೈತರ ಮಕ್ಕಳನ್ನು ಲಕ್ಷಗಟ್ಟಲೆ ಸೈನ್ಯಕ್ಕೆ ಸೇರಿಸುವ ಸಾಮ್ರಾಜ್ಯಕ್ಕೆ ಹೇಳಿ ಮಾಡಿಸಿದ ಗಟ್ಟಿ ಸರಕು. ಹೊಸ ರೈಫಲ್ ಕೊಳ್ಳಲು ಫಿನ್ಲೆಂಡಿನ ಬಳಿ ದುಡ್ಡಿರಲಿಲ್ಲ. ಹಾಗಾಗಿ ಇದ್ದದ್ದನ್ನೇ ತಿದ್ದಿಕೊಳ್ಳಲು ಹೊರಟರು; ಬೇರೆ ದೇಶಗಳಲ್ಲಿ ಧೂಳು ತಿನ್ನುತ್ತಿದ್ದ ಇದೇ ಮಾದರಿಯನ್ನು ಅಗ್ಗಕ್ಕೆ ಕೊಂಡು ತಂದರು. ಸ್ವಯಂಸೇವಕರ ಪಡೆಯಾದ ಸಿವಿಲ್ ಗಾರ್ಡ್ ತನ್ನದೇ ಒಂದು ಬಂದೂಕು ದುರಸ್ತಿ ಕಾರ್ಯಾಗಾರವನ್ನು ತೆರೆಯಿತು. ಇಂದು ಜಗತ್ತಿನ ಒಳ್ಳೆಯ ರೈಫಲ್ ಕಂಪನಿಗಳ ಸಾಲಿನಲ್ಲಿ ನಿಲ್ಲುವ ಸಾಕೋ ಹುಟ್ಟಿದ್ದು ಆ ಕಾರ್ಯಾಗಾರದಿಂದಲೇ. ಗಮನಿಸಬೇಕಾದ ಸಂಗತಿ ಒಂದಿದೆ: ಫಿನ್ಲೆಂಡಿನ ಮೋಸಿನ್‌ಗಳಲ್ಲಿ ಬೋಲ್ಟ್ ಓಡಾಡುವ, ತೋಟಾ ಕೂರುವ ಉಕ್ಕಿನ ಗೂಡು, ಅಂದರೆ ರಿಸೀವರ್, ಕೊನೆಯವರೆಗೂ ಹಳೆಯದೇ. ಅದನ್ನು ಅವರು ಹೊಸದಾಗಿ ತಯಾರಿಸಲಿಲ್ಲ. ಆ ಗಟ್ಟಿ ಗೂಡನ್ನು ಉಳಿಸಿಕೊಂಡು ಅದರ ಸುತ್ತಲಿದ್ದದ್ದನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರು.

ಅವರಿಗೆ ಸಿಕ್ಕ ತಪ್ಪುಗಳೇನು? ಮೊದಲನೆಯದು ನಳಿಗೆ. ಯುದ್ಧ, ತುಕ್ಕು, ಅಸಡ್ಡೆಯಿಂದ ಬಹುಪಾಲು ನಳಿಗೆಗಳ ಒಳಗಿನ ಸುರುಳಿ ಗೀರುಗಳು ಸವೆದಿದ್ದವು; ಸವೆಯದವುಗಳಲ್ಲೂ ಒಳಅಳತೆ ಒಂದರದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಸಿವಿಲ್ ಗಾರ್ಡ್ ಸ್ವಿಟ್ಜರ್ಲೆಂಡಿನ ಸಿಗ್ ಕಂಪನಿಯಿಂದ ನಳಿಗೆ ತರಿಸಿತು, ಆಮೇಲೆ ಫಿನ್ಲೆಂಡಿನದೇ ಟಿಕ್ಕಾಕೋಸ್ಕಿ ಕಾರ್ಖಾನೆಯಲ್ಲೂ ತನ್ನ ಕಾರ್ಯಾಗಾರದಲ್ಲೂ ಮಾಡಿಸಿತು. ಎರಡನೆಯದು ಮರ. ಗುಂಡು ಹಾರುವ ಕ್ಷಣದಲ್ಲಿ ನಳಿಗೆ ವೀಣೆಯ ತಂತಿಯ ಹಾಗೆ ಕಂಪಿಸುತ್ತದೆ. ತಂತಿಗೆ ಎಲ್ಲಿ ಬೆರಳು ತಾಗಿದರೂ ಸ್ವರ ಬದಲಾಗುವಂತೆ, ನಳಿಗೆಗೆ ಮರ ಎಲ್ಲಿ ಒತ್ತಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಮರವೋ ಮಳೆಗೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಇವತ್ತು ಒಂದು ಕಡೆ ಒತ್ತಿದ್ದು ನಾಳೆ ಇನ್ನೊಂದು ಕಡೆ. ಫಿನ್ಲೆಂಡಿನ ಕುಶಲಕರ್ಮಿಗಳು ರಿಸೀವರ್ ಮತ್ತು ಮರದ ನಡುವೆ ತೆಳು ಲೋಹದ ತಗಡಿನ ತುಂಡುಗಳನ್ನಿಟ್ಟು ಅಲುಗಾಟ ನಿಲ್ಲಿಸಿದರು. ಎಂ28-30 ಎಂಬ ಮಾದರಿಯಲ್ಲಿ ನಳಿಗೆಯ ಮುಂತುದಿ ಮರಕ್ಕೆ ತಾಗದಂತೆ ಅಲ್ಲೊಂದು ಅಲ್ಯೂಮಿನಿಯಂ ಬಳೆ ಕೂರಿಸಿದರು. 1939ರ ಮಾದರಿಗೆ ಬರುವಾಗ ಬರ್ಚ್ ಮರದ ಎರಡು ತುಂಡುಗಳನ್ನು ಹಲ್ಲುಹಲ್ಲಾಗಿ ಕೊರೆದು ಕೂಡಿಸಿ ಹಿಡಿ ಮಾಡುತ್ತಿದ್ದರು. ಒಂದೇ ಮರದ ಉದ್ದ ಹಲಗೆಯಷ್ಟು ಅದು ಸೊಟ್ಟಗಾಗುವುದಿಲ್ಲ. ಇನ್ನು ಗುರಿ ಹಿಡಿಯುವ ಭಾಗ. ರಷ್ಯಾದ ರೈಫಲ್‌ನ ಹಿಂದಿನ ಏಣಿಯ ಮೇಲೆ ದೂರವನ್ನು ಗುರುತಿಸಿದ್ದು ಅರ್ಶಿನ್ ಎಂಬ ಹಳೆಯ ಅಳತೆಯಲ್ಲಿ. ಒಂದು ಅರ್ಶಿನ್ ಎಂದರೆ 71 ಸೆಂಟಿಮೀಟರ್ ಮತ್ತು ಚೂರು. 400 ಎಂದು ಏಣಿ ಏರಿಸಿದರೆ ನಿಜಕ್ಕೂ ಅದು 284 ಮೀಟರ್. ಫಿನ್ನರು ಹಳೆಯ ಅಂಕಿಗಳನ್ನು ಬಿಟ್ಟು ಮೀಟರಿನ ಅಂಕಿಗಳನ್ನು ಒತ್ತಿದರು. ಮುಂದಿನ ಮೊನೆಯ ಎರಡು ಬದಿಗೂ ಕಿವಿಯಂಥ ಕಾವಲು ಇಟ್ಟರು; ಸೈನಿಕರು ಅದನ್ನು ನೋಡಿ ರೈಫಲ್‌ಗೆ ಚೂಪುಕಿವಿಯ ನಾಯಿಯ ಹೆಸರಿಟ್ಟರು. ಇಷ್ಟರಲ್ಲಿ ಯಾವುದೂ ನೋಡುವವರ ಕಣ್ಣಿಗೆ ಬೆಡಗಾಗಿ ಕಾಣುವ ಕೆಲಸವಲ್ಲ.

ಫಲಿತಾಂಶ ದಾಖಲೆಯಲ್ಲಿದೆ. 1937ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಶೂಟಿಂಗ್ ಚಾಂಪಿಯನ್‌ಶಿಪ್ ನಡೆದಾಗ ಸೇನಾ ರೈಫಲ್ ವಿಭಾಗದ ಸ್ಪರ್ಧಿಗಳ ಕೈಗೆ ಕೊಟ್ಟದ್ದು ಈ ತಿದ್ದಿದ ಮೋಸಿನ್‌ಗಳನ್ನೇ. ಎರಡು ವರ್ಷದ ನಂತರ ಸೋವಿಯತ್ ಸೇನೆ ಗಡಿ ದಾಟಿ ಬಂದಾಗ ಸಿಮೊ ಹೈಹಾ ಎಂಬ ರೈತ ಹಿಡಿದದ್ದೂ ಅದೇ ಎಂ28-30. ಆತ ಕೊಂದವರ ಲೆಕ್ಕದ ಬಗ್ಗೆ ಬರೆದವರು ಬಹಳ ಮಂದಿ, ಆ ಲೆಕ್ಕ ನನಗೆ ಇಲ್ಲಿ ಬೇಡ. ನನ್ನ ವಾದಕ್ಕೆ ಬೇಕಾದ್ದು ಒಂದೇ: ಆತ ದುರ್ಬೀನು ಬಳಸಲಿಲ್ಲ. ಚಳಿಯಲ್ಲಿ ಗಾಜಿಗೆ ಮಂಜು ಹಿಡಿಯುತ್ತದೆ, ಬಿಸಿಲಿಗೆ ಮಿಂಚುತ್ತದೆ, ಅದರೊಳಗೆ ನೋಡಲು ತಲೆ ಎತ್ತಬೇಕಾಗುತ್ತದೆ. ಬರಿಗಣ್ಣಿಗೆ ಕಾಣುವ ಮೊನೆಯ ಮೇಲೆ ಆತ ನಂಬಿಕೆ ಇಟ್ಟದ್ದು ಅದರ ಹಿಂದಿನ ನಳಿಗೆ, ಮರ, ಟ್ರಿಗರ್ ನೆಟ್ಟಗಿದ್ದುದರಿಂದ. ಅದಕ್ಕಿಂತಲೂ ದೊಡ್ಡ ಸಾಕ್ಷಿ ಆಮೇಲಿನದು. 1980ರ ದಶಕದ ಮಧ್ಯದಲ್ಲಿ ಫಿನ್ಲೆಂಡ್ ತನ್ನ ಸ್ನೈಪರ್‌ಗಳಿಗಾಗಿ ಟಿಕೆಐವಿ 85 ಎಂಬ ರೈಫಲ್ ಕಟ್ಟಿದಾಗ ಹೊಸ ದಪ್ಪ ನಳಿಗೆ, ಹೊಸ ಹಿಡಿ ಮಾಡಿತು. ರಿಸೀವರ್ ಮಾತ್ರ ಹಳೆಯ ಮೋಸಿನ್‌ನದೇ. ಅವುಗಳಲ್ಲಿ ಕೆಲವು ಹತ್ತೊಂಬತ್ತನೇ ಶತಮಾನದಲ್ಲಿ ತಯಾರಾದವು.

ಇಲ್ಲಿ ಯಾರಾದರೂ ನನ್ನ ಮಾತನ್ನು ನನಗೇ ತಿರುಗಿಸಬಹುದು. ನಳಿಗೆ ಹೊಸದು, ಮರ ಹೊಸದು, ಮೊನೆ ಹೊಸದು. ಫಿನ್ನರು ಬದಲಾಯಿಸದೆ ಬಿಟ್ಟದ್ದಾದರೂ ಏನು? ಅವರು ಮಾಡಿದರೆ ಜಾಣತನ, ಹವ್ಯಾಸಿ ಮಾಡಿದರೆ ಅಪರಾಧವೇ? ಪ್ರಶ್ನೆ ನ್ಯಾಯವಾದದ್ದೇ. ಬದಲಾವಣೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಫಿನ್ಲೆಂಡಿನಲ್ಲಿ ಪ್ರತಿ ಬದಲಾವಣೆಗೂ ಹಿಂದೆ ಒಂದು ಪರೀಕ್ಷೆಯಿತ್ತು, ಮುಂದೆ ಇನ್ನೊಂದು ಪರೀಕ್ಷೆಯಿತ್ತು. ಗುಂಡುಗಳು ಹತ್ತಿರ ಹತ್ತಿರ ಬೀಳದಿದ್ದರೆ ರೈಫಲ್ ಮತ್ತೆ ಮೇಜಿಗೆ ಬರುತ್ತಿತ್ತು. ಗರಗಸ ಹಿಡಿದ ಹವ್ಯಾಸಿ ಸಾಮಾನ್ಯವಾಗಿ ಆರಂಭಿಸುವುದು ಬೇರೊಬ್ಬರ ರೈಫಲ್‌ನ ಚಿತ್ರ ನೋಡಿ. ಮುಂದಿನ ಮರ ಕತ್ತರಿಸಿದಾಗ ನಳಿಗೆಯ ಮೇಲಿನ ಒತ್ತಡ ಕಡಿಮೆಯಾಯಿತೋ, ಜಾಗ ಬದಲಾಯಿತೋ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಲೀ-ಎನ್‌ಫೀಲ್ಡ್‌ನಂಥ ತೆಳು ನಳಿಗೆಯ ರೈಫಲ್‌ಗಳನ್ನು ಮುಂದಿನ ಮರದ ಹದವಾದ ಆಸರೆ ಲೆಕ್ಕಕ್ಕೆ ಹಿಡಿದೇ ಹೊಂದಿಸಿರುತ್ತಾರೆ. ಆ ಆಸರೆ ಕಿತ್ತುಹಾಕಿದರೆ ನಿಖರತೆ ಹೆಚ್ಚುವ ಬದಲು ಕೆಡುವುದೂ ಉಂಟು. ಬ್ರಿಟಿಷರು ಇದನ್ನು ಚೆನ್ನಾಗಿ ಅರಿತಿದ್ದರು. ಎರಡನೇ ಮಹಾಯುದ್ಧದಲ್ಲಿ ಅವರಿಗೆ ಸ್ನೈಪರ್ ರೈಫಲ್ ಬೇಕಾದಾಗ ಕಾರ್ಖಾನೆಯಿಂದ ಬಂದವುಗಳಲ್ಲಿ ಚೆನ್ನಾಗಿ ಹೊಡೆಯುವ ನಂಬರ್ 4 ಎನ್‌ಫೀಲ್ಡ್‌ಗಳನ್ನು ಮೊದಲು ಆರಿಸಿದರು. ಆರಿಸಿದವನ್ನು ಲಂಡನ್ನಿನ ಹಾಲಂಡ್ ಅಂಡ್ ಹಾಲಂಡ್ ಕಂಪನಿಗೆ ಕಳಿಸಿ ದುರ್ಬೀನು, ಕೆನ್ನೆಗೆ ಒಂದು ಮರದ ಒರಗು ಕೂರಿಸಿದರು. ಮುಂದಿನ ಮರ ಇದ್ದ ಹಾಗೇ ಇತ್ತು. 20 ಸಾವಿರಕ್ಕೂ ಹೆಚ್ಚು ರೈಫಲ್‌ಗಳು ಹೀಗೆ ತಯಾರಾದವು. ಅವುಗಳಲ್ಲಿ ಕೆಲವಕ್ಕೆ 1970ರಲ್ಲಿ ಹೊಸ 7.62 ಮಿ.ಮೀ. ನಳಿಗೆ ಹಾಕಿ ಇನ್ನೊಂದು ಜನ್ಮ ಕೊಟ್ಟರು. 1982ರ ಫಾಕ್ಲಂಡ್ಸ್ ಯುದ್ಧಕ್ಕೂ ಅವು ಹೋಗಿದ್ದವು.

ಕೊಂಡದ್ದು ನನ್ನ ದುಡ್ಡಿನಿಂದ, ಕೊಯ್ಯುವುದು ಬಿಡುವುದು ನನ್ನಿಷ್ಟ ಎನ್ನುವವರಿಗೆ ಕಾನೂನಿನ ಪ್ರಕಾರ ಉತ್ತರವಿಲ್ಲ. ಆದರೆ ಎರಡು ಮಾತು. ಹಳೆಯ ಉಕ್ಕಿನ ಒಳಗುಣ ಹೊರಗೆ ಕಾಣುವುದಿಲ್ಲ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ತಯಾರಾದ 1903ರ ಮಾದರಿಯಲ್ಲಿ ಸುಮಾರು 8 ಲಕ್ಷದ ಒಳಗಿನ ಕ್ರಮಸಂಖ್ಯೆಯ ರಿಸೀವರ್‌ಗಳನ್ನು ಹದ ಮಾಡುವಾಗ ಕೆಲವು ಅತಿಯಾಗಿ ಕಾದು ಪೆಡಸಾದವು. ಅವು ಒಡೆದ ಪ್ರಕರಣಗಳಿವೆ. ಆ ರೈಫಲ್‌ಗೆ ದುಬಾರಿ ದುರ್ಬೀನು ಹಾಕಿ ಜೋರಾದ ತೋಟಾ ತುಂಬುವವನು ತನ್ನ ಕಣ್ಣನ್ನೇ ಪಣಕ್ಕಿಟ್ಟಂತೆ. ಇನ್ನೊಂದು, ಮಾಡಿದ್ದನ್ನು ಹಿಂದಕ್ಕೆ ತಿರುಗಿಸಲು ಬರುವುದೋ ಇಲ್ಲವೋ ಎಂಬುದು. ತಗಡಿನ ತುಂಡು ತೆಗೆಯಬಹುದು, ಸ್ಕ್ರೂ ಬಿಗಿ ಸಡಿಲಿಸಬಹುದು, ತೋಟಾ ಬದಲಾಯಿಸಬಹುದು. ಕೊರೆದ ತೂತನ್ನು ಮುಚ್ಚಿದರೂ ಅದು ತೂತೇ. ಕತ್ತರಿಸಿದ ಸೇನಾ ರೈಫಲ್‌ಗೆ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಮೂಲ ರೂಪದ್ದರಷ್ಟು ಬೆಲೆ ಇಲ್ಲದಿರುವುದು ಸುಮ್ಮನೆ ಅಲ್ಲ.

ಅತ್ಯಂತ ಭಾರವಾದ ಆಕ್ಷೇಪ ಬೇರೆಯೇ ಇದೆ. ಕೊಲ್ಲುವ ಯಂತ್ರವನ್ನು ಇನ್ನಷ್ಟು ದೂರಕ್ಕೆ, ಇನ್ನಷ್ಟು ಸರಿಯಾಗಿ ಕೊಲ್ಲುವಂತೆ ಮಾಡುವ ಕೆಲಸದಲ್ಲಿ ಕೌಶಲ ಹುಡುಕುವುದೇ ತಪ್ಪಲ್ಲವೇ? 1963ರಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದದ್ದು ಅಂಚೆಯ ಮೂಲಕ 19.95 ಡಾಲರಿಗೆ ತರಿಸಿದ, ದುರ್ಬೀನು ಹಾಕಿದ ಹಳೆಯ ಕಾರ್ಕಾನೋ. ಅಂಥ ರೈಫಲ್‌ಗಳ ಆಮದಿಗೆ ಅಮೆರಿಕ 1968ರಲ್ಲಿ ಕಡಿವಾಣ ಹಾಕಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಬಂದೂಕು ಯಾರ ಕೈಗೆ ಹೋಗಬೇಕು ಎಂಬ ಪ್ರಶ್ನೆಗೆ ಕಾನೂನು ಬಿಗಿಯಾಗಿಯೇ ಉತ್ತರಿಸಬೇಕು. ಆದರೆ ಕಾನೂನಿನ ಜರಡಿ ದಾಟಿ, ಗುರಿ ಅಭ್ಯಾಸದ ಮೈದಾನದಲ್ಲಿ ಕಾಗದದ ಹಾಳೆಗೆ ಹೊಡೆಯುವವನ ಕೆಲಸದಲ್ಲಿರುವುದು ಅಳತೆಯ ಶಿಸ್ತು. ಅದನ್ನು ಕೊಲೆಯ ತಯಾರಿಯೆಂದು ಕರೆದರೆ ಆ ಮಾತು ಒಲಿಂಪಿಕ್ಸಿನ ಶೂಟರುಗಳಿಗೂ ಅನ್ವಯವಾಗಬೇಕಾದೀತು.

ಹಾಗಿದ್ದರೆ ಹೊಸ ರೈಫಲ್ಲನ್ನೇ ಕೊಳ್ಳಬಾರದೇ? ದೂರದ ನಿಖರತೆಯೊಂದೇ ಬೇಕಾದವನಿಗೆ ನನ್ನ ಸಲಹೆಯೂ ಅದೇ. ಹಳೆಯದಕ್ಕೆ ಹೊಸ ನಳಿಗೆ, ಹೊಸ ಹಿಡಿ, ಹೊಸ ಟ್ರಿಗರ್, ದುರ್ಬೀನು ಎಲ್ಲ ಸೇರಿಸಿದರೆ ಆಗುವ ಖರ್ಚಿನಲ್ಲಿ ಅದಕ್ಕಿಂತ ನಿಖರವಾದ ಹೊಸದು ಸಿಗುತ್ತದೆ. ಅಗ್ಗವೆಂಬ ಹಳೆಯ ಕಾರಣ ಯಾವತ್ತೋ ಸತ್ತಿದೆ. ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ ಹಳೆಯದನ್ನೇ ಬಯಸುವವರಿಗೆ ಒಳ್ಳೆಯ ದಾರಿ ತೋರಿಸಿದೆ: ಅದರ ಗ್ಯಾರಂಡ್, ಸ್ಪ್ರಿಂಗ್‌ಫೀಲ್ಡ್ ಮತ್ತು ಹಳೆಯ ಸೇನಾ ರೈಫಲ್‌ಗಳ ಸ್ಪರ್ಧೆಗಳಿಗೆ ರೈಫಲ್ ಸೇನೆಯಿಂದ ಬಂದ ರೂಪದಲ್ಲೇ ಇರಬೇಕೆಂಬುದು ಮೂಲ ನಿಯಮ. ಇಂಥ ನಿಯಮದಡಿ ಗೆಲ್ಲಬೇಕೆಂದರೆ ಸ್ಕ್ರೂಗಳ ಬಿಗಿ, ಮರದ ಕೂರಿಕೆ, ನಳಿಗೆಗೆ ಒಪ್ಪುವ ತೋಟಾ, ಕೊನೆಗೆ ತನ್ನ ಉಸಿರು, ಇವುಗಳ ಮೇಲೆಯೇ ಸ್ಪರ್ಧಿ ದುಡಿಯಬೇಕು. ಕೊನೆಯದಕ್ಕಂತೂ ಯಾವ ಅಂಗಡಿಯಲ್ಲೂ ಬಿಡಿಭಾಗ ಸಿಗುವುದಿಲ್ಲ.

ನಮ್ಮಲ್ಲಿ ಈ ಚರ್ಚೆ ಹವ್ಯಾಸಿಗಳ ನಡುವೆ ಹುಟ್ಟುವುದೇ ಕಷ್ಟ. ಮಲೆನಾಡು, ಕೊಡಗಿನ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಒಂಟಿನಳಿಗೆ, ಜೋಡುನಳಿಗೆ ಕೋವಿ; .303ರಂಥ ಸೇನಾ ಅಳತೆಯ ರೈಫಲ್‌ಗೆ ಜನಸಾಮಾನ್ಯರಿಗೆ ಪರವಾನಗಿ ಸಿಗುವುದಿಲ್ಲ. ಅದಕ್ಕೇ ಸರ್ಕಾರಿ ಕಾರ್ಖಾನೆಗಳು ಅದೇ ಎನ್‌ಫೀಲ್ಡ್ ಮೈಕಟ್ಟಿನ .315 ರೈಫಲ್ಲನ್ನು ನಾಗರಿಕರಿಗಾಗಿ ತಯಾರಿಸುತ್ತ ಬಂದವು. ಆದರೆ ಫಿನ್ನರ ಬುದ್ಧಿಯ ಒಂದು ತುಣುಕು ನಮ್ಮ ಇಛಾಪುರ ಕಾರ್ಖಾನೆಯಲ್ಲೂ ಇತ್ತು. 1962ರ ಚೀನಾ ಯುದ್ಧದ ಬೆನ್ನಿಗೆ ರೈಫಲ್‌ಗಳ ತುರ್ತು ಎದ್ದಾಗ, ಕೈಗೆ ಒಗ್ಗಿದ ಹಳೆಯ ಎನ್‌ಫೀಲ್ಡ್ ವಿನ್ಯಾಸವನ್ನೇ ಗಟ್ಟಿ ಉಕ್ಕಿನಲ್ಲಿ 7.62 ತೋಟಾಕ್ಕೆ ಹೊಂದಿಸಿ ಅಲ್ಲಿ ತಯಾರಿಸಿದರು. ಅದರ ಎರಡನೇ ರೂಪವಾದ 2ಎ1ರಲ್ಲಿ ಗುರಿ ಏಣಿಯ ಮೇಲಿನ ಗರಿಷ್ಠ ಅಂಕಿಯನ್ನು 2000ದಿಂದ 800 ಮೀಟರಿಗೆ ಇಳಿಸಿದರು. 2000 ಎಂದು ಕೆತ್ತಿದ ಮಾತ್ರಕ್ಕೆ ಬರಿಗಣ್ಣಿನ ಸಿಪಾಯಿ ಅಲ್ಲಿಗೆ ಹೊಡೆಯಲಾರ ಎಂದು ಒಪ್ಪಿಕೊಂಡ ಪ್ರಾಮಾಣಿಕ ಕೆಲಸ ಅದು. ಈಗ ಒಂದೊಂದೇ ರಾಜ್ಯದ ಪೊಲೀಸರು ತಮ್ಮ ಹಳೆಯ .303ಗಳನ್ನು ಕೈಬಿಡುತ್ತಿದ್ದಾರೆ. ಅವು ಜನರ ಕೈಗೆ ಬರಬೇಕೆಂದು ನಾನು ಕೇಳುವುದಿಲ್ಲ, ಬರಲೂಬಾರದು. ಕುಲುಮೆಗೆ ಹೋಗುವ ಮುನ್ನ ಪ್ರತಿ ಮಾದರಿಯ ನಾಲ್ಕಾರು ರೈಫಲ್‌ಗಳನ್ನು ಗುಂಡು ಹಾರದಂತೆ ಮಾಡಿ, ಮೂಲ ಮರ, ಮೂಲ ಗುರುತುಗಳ ಸಮೇತ ಉಳಿಸಿಕೊಳ್ಳಲಿ. ಅವನ್ನು ದಶಕಗಟ್ಟಲೆ ರಿಪೇರಿ ಮಾಡಿದ ಆರ್ಮರರ್‌ಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರು ಯಾವ ರೈಫಲ್‌ಗೆ ಏನು ಮಾಡುತ್ತಿದ್ದರೆಂದು ಕೇಳಿ ಬರೆದಿಟ್ಟುಕೊಳ್ಳಲಿ.